ನಿಲ್ಲಿಸಿದ ಕಾರಿಗೆ ರಾತ್ರೋರಾತ್ರಿ ಹಾನಿ: ಮೊದಲು ಏನು, ಆಮೇಲೆ ಏನು? (ದಾವಣಗೆರೆ–ಚಿತ್ರದುರ್ಗ)

ಬಾತಿಕೆರೆ (ಚರ್ಚೆ ತೆರೆದವರು)
ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕ್, ವಿದ್ಯಾನಗರ, ನಿಟುವಳ್ಳಿ... ಎಲ್ಲಿ ನೋಡಿದ್ರೂ ಅರ್ಧಕ್ಕರ್ಧ ಕಾರು ರಸ್ತೆ ಬದಿಯಲ್ಲೇ ರಾತ್ರಿ ಕಳೀತಾವೆ. ಬೆಳಗ್ಗೆ ಬಾಗಿಲ ಮೇಲೆ ಉದ್ದಕ್ಕೆ ಮೊಳೆ ಗೀರು, ಇಲ್ಲಾ ಕನ್ನಡಿ ಮುರಿದಿರ್ತದೆ, ಇಲ್ಲಾ ಗಾಜು ಪುಡಿ. ಈ ಪ್ರಶ್ನೆ ಇಲ್ಲಿ ಮೇಲಿಂದ ಮೇಲೆ ಬರ್ತದೆ, ಉತ್ತರ ಮಾತ್ರ ಹತ್ತು ಕಡೆ ಚದುರಿದೆ. ಒಂದೇ ಕಡೆ ಸೇರಿಸೋಣ. ಯಾರ ಕಾರಿಗೆ ಏನಾಯ್ತು ಅನ್ನೋ ಕಥೆ ಬೇಡ, ಏನು ಮಾಡಬೇಕು ಅನ್ನೋದು ಹೇಳ್ರಿ. ಠಾಣೆ, ವಿಮೆ, ಗ್ಯಾರೇಜು ಮೂರೂ ಬರಲಿ.

ಕ್ಲೇಮ್ ಕಡತ
ಮೊದಲನೇ ಮಾತು: ಬಟ್ಟೆ ತಗೊಂಡು ಒರೆಸಬೇಡಿ, ಗಾಜು ಗುಡಿಸಬೇಡಿ, ಒಳಗೆ ಬಿದ್ದ ಕಲ್ಲು ಎತ್ತಬೇಡಿ. ಫೋನಿನ ಲೊಕೇಶನ್ ಆನ್ ಮಾಡಿ, ಕಾರಿನ ಸುತ್ತ ಒಂದು ಸುತ್ತು ಎಲ್ಲೂ ನಿಲ್ಲಿಸದೆ ವಿಡಿಯೊ. ಆಮೇಲೆ ನಾಲ್ಕು ಮೂಲೆಯಿಂದ ದೂರದ ಫೋಟೊ, ನಂಬರ್ ಪ್ಲೇಟೂ ಹಾನಿಯೂ ಒಂದೇ ಚೌಕಟ್ಟಿನಲ್ಲಿ ಬರುವಂಥ ಫೋಟೊ, ಕೊನೆಗೆ ಹತ್ತಿರದ್ದು. ಹತ್ತಿರದ ಫೋಟೊದಲ್ಲಿ ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಹಿಡಿದರೆ ಅಳತೆ ಗೊತ್ತಾಗ್ತದೆ.

ಗೀರು ಎದುರಿಗೆ ಫ್ಲ್ಯಾಶ್ ಹಾಕಿ ತೆಗೆದರೆ ಕಾಣೋದೇ ಇಲ್ಲ. ಟಾರ್ಚನ್ನು ಬಾಗಿಲಿಗೆ ಒರಗಿಸಿದಂತೆ ಓರೆಯಾಗಿ ಹಿಡಿಯಿರಿ, ಗೀರಿನ ಅಂಚು ನೆರಳು ಬಿಟ್ಟು ಎದ್ದು ಕಾಣ್ತದೆ. ಜಾಗ ಗುರುತಿಸೋಕೆ ಅಂಗಡಿ ಬೋರ್ಡಿಗಿಂತ ಬೆಸ್ಕಾಂ ಕಂಬದ ಸಂಖ್ಯೆ ಒಳ್ಳೇದು. ಬೋರ್ಡು ಬದಲಾಗ್ತದೆ, ಕಂಬ ಅಲ್ಲೇ ಇರ್ತದೆ.

ಗ್ರೀಸ್ ಕೈ
ಫೋಟೊ ಆದ ಕೂಡಲೇ ಕೀಲಿ ತಿರುಗಿಸೋರೇ ಜಾಸ್ತಿ. ನಿಲ್ಲಿ. ಬಗ್ಗಿ ಕೆಳಗೆ ನೋಡ್ರಿ: ಎಣ್ಣೆ, ಬ್ರೇಕ್ ದ್ರವ, ಪೆಟ್ರೋಲ್ ಸೋರಿದೆಯಾ? ನಾಲ್ಕೂ ಚಕ್ರದ ನಟ್ಟು ಕೈಯಿಂದ ಅಲ್ಲಾಡ್ತಾವಾ?

ಪೆಟ್ರೋಲ್ ಮುಚ್ಚಳ ಮೀಟಿದ ಗುರುತಿದ್ರೆ ಸ್ಟಾರ್ಟ್ ಮಾಡೋದಿರಲಿ, ಕೀಲಿ ಆನ್ ಮಟ್ಟಕ್ಕೂ ತರಬೇಡಿ. ಆನ್ ಮಾಡಿದ ತಕ್ಷಣ ಟ್ಯಾಂಕಿನೊಳಗಿನ ಪಂಪು ಎರಡು ಮೂರು ಸೆಕೆಂಡ್ ಓಡಿ ಲೈನಿಗೆ ಒತ್ತಡ ತುಂಬ್ತದೆ. ಒಳಗೆ ಏನು ಹಾಕಿದ್ದಾರೋ ಅದೂ ಜೊತೆಗೇ ಹೋಗ್ತದೆ. ಸಕ್ಕರೆ ಹಾಕಿದರೆ ಎಂಜಿನ್ ಪಾಕ ಆಗಿ ಹಿಡ್ಕೊಳ್ತದೆ ಅನ್ನೋದು ಕಟ್ಟುಕಥೆ. ಸಕ್ಕರೆ ಪೆಟ್ರೋಲಿನಲ್ಲಿ ಕರಗೋದೇ ಇಲ್ಲ, ತಳಕ್ಕೆ ಕೂತು ಪಂಪಿನ ಜಾಲರಿ ಮತ್ತು ಫಿಲ್ಟರ್ ಕಟ್ಟಿಸ್ತದೆ. ಕೆಟ್ಟದ್ದು ನೀರು ಮತ್ತು ಮರಳು. ಯಾವುದೇ ಆಗಲಿ, ಟ್ಯಾಂಕ್ ಇಳಿಸಿ ತೊಳೆದು ಫಿಲ್ಟರ್ ಬದಲಿಸಿದರೆ ಮುಗೀತು, ಆದರೆ ಎಂಜಿನ್ ಓಡಿಸದೇ ಇದ್ದರೆ ಮಾತ್ರ. ಇಂಜೆಕ್ಟರ್‌ವರೆಗೆ ಹೋದಮೇಲೆ ಖರ್ಚಿನ ಲೆಕ್ಕವೇ ಬೇರೆ.

ಕೀಲಿ ರಂಧ್ರಕ್ಕೆ ಫೆವಿಕ್ವಿಕ್ ಹಾಕಿದ್ರೆ ಕೀಲಿ ತುರುಕಿ ತಿರುಗಿಸಬೇಡಿ, ಒಳಗಿನ ಪಿನ್ ಮುರೀತಾವೆ. ಸಿರಿಂಜಿನಲ್ಲಿ ಒಂದೆರಡು ಹನಿ ಅಸಿಟೋನ್, ಐದು ನಿಮಿಷ ಬಿಟ್ಟು ಮತ್ತೆ. ಸುತ್ತ ಬಣ್ಣಕ್ಕೆ ತಾಗದಂತೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಸಿಟೋನ್ ಬಣ್ಣವನ್ನೂ ಪ್ಲಾಸ್ಟಿಕ್ಕನ್ನೂ ತಿಂತದೆ.

ಟೈರ್ ಪೇಟೆ
ಟೈರಿನ ಬಗ್ಗೆ ನಾನು ಹೇಳ್ತೀನಿ. ನಾಲ್ಕೂ ಗಾಳಿ ಇಳಿದಿದ್ರೆ ಪಂಕ್ಚರ್ ಅಂತ ಹೆದರಬೇಡಿ, ಹೆಚ್ಚಿನ ಸಲ ವಾಲ್ವ್ ಪಿನ್ ಬಿಚ್ಚಿರ್ತಾರೆ. ಪಿನ್ ಚಿಲ್ಲರೆ ದುಡ್ಡು, ಹಾಕೋಕೆ ಒಂದು ನಿಮಿಷ. ರಬ್ಬರ್ ವಾಲ್ವನ್ನೇ ಕತ್ತರಿಸಿದ್ರೆ ಟೈರ್ ಬಿಚ್ಚಬೇಕು, ಆದರೂ ಟೈರಿಗೆ ಹಾನಿ ಇಲ್ಲ. ಚಾಕು ಟೈರಿನ ಪಕ್ಕದ ಗೋಡೆಗೆ (ಸೈಡ್‌ವಾಲ್) ಬಿದ್ದಿದ್ರೆ ಮಾತ್ರ ಆ ಟೈರ್ ಹೋಯ್ತು. ಪಕ್ಕದ ಗೋಡೆಗೆ ಯಾವ ಪ್ಯಾಚೂ ನಿಲ್ಲಲ್ಲ, ಓಡುವಾಗ ಬಾಗಿ ಏಳೋ ಭಾಗ ಅದು. ನೆಲ ತಾಗುವ ಭಾಗದಲ್ಲಿ ಸುಮಾರು 6 ಮಿ.ಮೀ.ವರೆಗಿನ ತೂತಿಗೆ ಒಳಗಿನಿಂದ ಪ್ಯಾಚ್ ಹಾಕಬಹುದು. ಗಾಳಿ ಇಲ್ಲದೆ "ಮೂಲೆ ಅಂಗಡಿವರೆಗೆ ತಾನೆ" ಅಂತ ಉರುಳಿಸಿದರೆ ರಿಮ್ಮು ರಬ್ಬರನ್ನು ಒಳಗಿಂದ ಅರೆದುಬಿಡ್ತದೆ. ಹೊರಗೆ ಏನೂ ಕಾಣಲ್ಲ, ಹೈವೇನಲ್ಲಿ ಸಿಡೀತದೆ.

ಮಂಡಿಪೇಟೆ
ಎದುರು ಮನೆ ಸಿಸಿ ಕ್ಯಾಮೆರಾ ಇದೆ ಅಂತ ನೆಮ್ಮದಿಯಾಗಿ ಕೂರಬೇಡಿ. ಲೆಕ್ಕ ಹಾಕಿ: ನಾಲ್ಕು ಕ್ಯಾಮೆರಾ, ಒಂದೊಂದು ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ಹನ್ನೆರಡು ದಿನಕ್ಕೆ ತುಂಬಿ ಹಳೇದರ ಮೇಲೆ ಹೊಸದು ಬರೀತದೆ. ಆದ್ದರಿಂದ ಅವತ್ತೇ ಹೋಗಿ ಕೇಳಿ, ಮರುದಿನಕ್ಕೆ ಇಡಬೇಡಿ.

ಕೇಳುವಾಗ ಮೂರು ವಿಷಯ ಗಮನ ಇರಲಿ. ಡಿವಿಆರ್ (ಕ್ಯಾಮೆರಾ ದೃಶ್ಯ ಬರೆದಿಡೋ ಪೆಟ್ಟಿಗೆ) ಗಡಿಯಾರ ತಪ್ಪಿರೋದೇ ಹೆಚ್ಚು, ಹಾಗಾಗಿ ಪರದೆಯ ಸಮಯ ಮತ್ತು ನಿಮ್ಮ ಫೋನಿನ ಸಮಯ ಎರಡೂ ಕಾಣೋ ಹಾಗೆ ಒಂದು ಫೋಟೊ. ಎರಡನೇದು, ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿದ್ದು ಗುರುತಿಗೆ ಸಾಕು, ಪುರಾವೆಗೆ ಸಾಲದು. ಪೆನ್‌ಡ್ರೈವ್‌ಗೆ ಮೂಲ ಕಡತವನ್ನೇ ಎಕ್ಸ್‌ಪೋರ್ಟ್ ಮಾಡಿಸಿ, ಘಟನೆಗೆ ಮುಂಚೆ ಅರ್ಧ ಗಂಟೆ, ನಂತರ ಅರ್ಧ ಗಂಟೆ ಸೇರಿಸಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಹಿಂಡಿ ಚಿಕ್ಕದು ಮಾಡ್ತದೆ, ನಂಬರ್ ಪ್ಲೇಟ್ ಮಸುಕಾಗ್ತದೆ. ಕಳಿಸಲೇಬೇಕಾದ್ರೆ ಡಾಕ್ಯುಮೆಂಟ್ ಅಂತ ಕಳಿಸಿ. ಮೂರನೇದು ಕರಿಕೋಟು ಹೇಳಲಿ.

ಕರಿಕೋಟು
ಮೂರನೇದು, ದೃಶ್ಯ ಕೋರ್ಟಿನಲ್ಲಿ ಪುರಾವೆಯಾಗಿ ನಿಲ್ಲೋಕೆ ಬೇಕಾದ ಪ್ರಮಾಣಪತ್ರ. ಮೊದಲು 65ಬಿ ಅಂತಿದ್ವಿ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4). ಅದರಲ್ಲಿ ಎ ಮತ್ತು ಬಿ ಎರಡು ಭಾಗ: ಒಂದು ಕ್ಯಾಮೆರಾ ಯಾರ ಸುಪರ್ದಿನಲ್ಲಿದೆಯೋ ಅವರದು, ಇನ್ನೊಂದು ತಜ್ಞರದು, ಜೊತೆಗೆ ಕಡತದ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಅಂತ ತೋರಿಸೋ ಸಂಕೇತ). ಇದನ್ನು ತನಿಖಾಧಿಕಾರಿ ಮಾಡಿಸ್ತಾರೆ. ನಿಮ್ಮ ಕೆಲಸ ಎಂದರೆ ದೂರಿನಲ್ಲೇ "ಇಂಥ ಮನೆಯ, ಇಂಥ ಅಂಗಡಿಯ ಕ್ಯಾಮೆರಾ ದೃಶ್ಯ ಅಳಿಯುವ ಮುನ್ನ ವಶಪಡಿಸಿಕೊಳ್ಳಬೇಕು" ಅಂತ ಒಂದು ಸಾಲು ಬರೆಯೋದು. ವೃತ್ತಗಳಲ್ಲಿರುವ ಕ್ಯಾಮೆರಾ ದೃಶ್ಯ ನಿಮ್ಮ ಕೈಗೆ ಕೊಡಲ್ಲ, ಅದಕ್ಕೂ ಠಾಣೆ ಮೂಲಕವೇ ದಾರಿ.

ಈಗ ಎಲ್ಲರೂ ಎಡವೋ ವಿಷಯ. ಠಾಣೆಗೆ ಹೋಗಿ "ಎಫ್‌ಐಆರ್ ಹಾಕ್ರಿ" ಅಂತ ಜಗಳ ಮಾಡೋ ಮುಂಚೆ ಹಾನಿಯ ಮೊತ್ತ ಎಷ್ಟು ಅಂತ ಗೊತ್ತಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ (ಆಸ್ತಿಗೆ ಹಾನಿ) ಹೆಚ್ಚಾಗಿ ಮೊತ್ತದ ಮೇಲೆ ನಿಂತಿದೆ. 20,000 ರೂಪಾಯಿ ಒಳಗಿದ್ರೆ 324(2), ಆರು ತಿಂಗಳವರೆಗೆ ಶಿಕ್ಷೆ. 20,000ದಿಂದ 1 ಲಕ್ಷದ ಒಳಗೆ 324(4), ಎರಡು ವರ್ಷದವರೆಗೆ. ಇವೆರಡೂ ಅಸಂಜ್ಞೇಯ, ಪೊಲೀಸರು ತಾವಾಗಿ ತನಿಖೆ ಶುರು ಮಾಡೋ ಹಾಗಿಲ್ಲ. 1 ಲಕ್ಷ ಮತ್ತು ಮೇಲ್ಪಟ್ಟು 324(5), ಐದು ವರ್ಷದವರೆಗೆ, ಸಂಜ್ಞೇಯ. ಅಲ್ಲಿಗೆ ಎಫ್‌ಐಆರ್ ಹಾಕಲೇಬೇಕು. ಬೆಂಕಿ ಹಚ್ಚಿದ್ರೆ ಮೊತ್ತದ ಮಾತೇ ಇಲ್ಲ: 326(ಎಫ್), ಏಳು ವರ್ಷದವರೆಗೆ.

ರೈಟರ್ ಮೇಜು
ಕರಿಕೋಟು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಜನಕ್ಕೆ ಇದು ಗೊತ್ತಿಲ್ಲ. ಕಾರು ರಸ್ತೆ ಮೇಲಿತ್ತಾ, ಕಾಂಪೌಂಡ್ ಒಳಗಿತ್ತಾ? ಗೇಟು ದಾಟಿ ಒಳಗೆ ಬಂದು ಕೆಡಿಸಿದ್ರೆ ಅತಿಕ್ರಮ ಪ್ರವೇಶ, ನ್ಯಾಯ ಸಂಹಿತೆಯ 329ನೇ ಕಲಂ, ಅದು ಸಂಜ್ಞೇಯ. ಎರಡು ಅಪರಾಧದಲ್ಲಿ ಒಂದು ಸಂಜ್ಞೇಯ ಇದ್ದರೆ ಇಡೀ ಪ್ರಕರಣ ಸಂಜ್ಞೇಯ ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174(4) ಹೇಳ್ತದೆ. ಅಂದ್ರೆ ಬರೀ ಮೂರು ಸಾವಿರದ ಗೀರಾದ್ರೂ ಎಫ್‌ಐಆರ್‌ಗೆ ದಾರಿ ಇದೆ. ದೂರಿನಲ್ಲಿ "ಮನೆ ಮುಂದೆ" ಅಂತ ಬರೆದರೆ ಆ ದಾರಿ ನೀವೇ ಮುಚ್ಚಿದಂಗೆ. ಒಳಗಿದ್ರೆ "ಕಾಂಪೌಂಡಿನ ಒಳಗೆ, ಗೇಟು ಹಾಕಿದ್ದಾಗ" ಅಂತಲೇ ಬರೀರಿ. ಹೊರಗಿದ್ದದ್ದನ್ನು ಒಳಗಿತ್ತು ಅಂತ ಬರೆಯೋ ಬುದ್ಧಿವಂತಿಕೆ ಬೇಡ, ಮಹಜರಿಗೆ ಬಂದಾಗ ನೆಲದ ಮೇಲಿನ ಗಾಜೇ ಹೇಳ್ತದೆ.

ದೂರು ಒಂದು ಪುಟ ದಾಟಬಾರದು. ಬೇಕಾದ್ದು ಇಷ್ಟೇ: ಗಾಡಿ ನಂಬರು, ಮಾದರಿ, ಬಣ್ಣ, ಕೊನೇ ಸಲ ಸರಿಯಾಗಿ ನೋಡಿದ ದಿನಾಂಕ-ಸಮಯ, ಹಾನಿ ಕಂಡ ದಿನಾಂಕ-ಸಮಯ, ಜಾಗ, ಯಾವ ಯಾವ ಭಾಗಕ್ಕೆ ಏನು, ಅಂದಾಜು ಮೊತ್ತ, ಕ್ಯಾಮೆರಾ ಎಲ್ಲಿದೆ. ಯಾರ ಮೇಲಾದ್ರೂ ಅನುಮಾನ ಇದ್ರೆ "ಅನುಮಾನ ಇದೆ, ಕಾರಣ ಇದು" ಅಂತ ಬರೀರಿ. ನೋಡದೆ "ಅವನೇ ಮಾಡಿದ್ದು" ಅಂತ ಬರೆದರೆ ನಾಳೆ ನಿಮ್ಮ ಮೇಲೇ ತಿರುಗ್ತದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು ಹಾಕಿಸ್ಕೊಳ್ಳಿ. ಅಸಂಜ್ಞೇಯ ಆದರೆ ಸ್ವೀಕೃತಿ, ಎನ್‌ಸಿ (ಅಸಂಜ್ಞೇಯ ದೂರಿನ) ಸಂಖ್ಯೆ ಕೇಳಿ ಪಡೀರಿ. ಇ-ಲಾಸ್ಟ್ ಆ್ಯಪ್‌ನಲ್ಲಿ ಹಾಕಿದ್ರೆ ಆಗಲ್ವಾ ಅಂತ ಕೇಳ್ತಾರೆ. ಅದು ಕಳೆದುಹೋದ ವಸ್ತು-ದಾಖಲೆಗೆ, ಹಾನಿಗೆ ಅಲ್ಲ.

ಚಂದ್ರವಳ್ಳಿ
ಎನ್‌ಸಿ ಅಂದ್ರೆ ಕಸದಬುಟ್ಟಿ ಅಲ್ವಾ? ತಗೊಂಡು ಏನು ಮಾಡೋದು?

ಕರಿಕೋಟು
ಅಲ್ಲ. ಮ್ಯಾಜಿಸ್ಟ್ರೇಟ್ ಅನುಮತಿ ಕೊಟ್ಟರೆ ಪೊಲೀಸರು ಎಫ್‌ಐಆರ್ ಆದ ಪ್ರಕರಣದಂತೆಯೇ ತನಿಖೆ ಮಾಡಬಹುದು, ವಾರಂಟ್ ಇಲ್ಲದೆ ಬಂಧಿಸೋದು ಒಂದು ಬಿಟ್ಟು. ಅನುಮತಿಗೆ ನೀವೂ ಅರ್ಜಿ ಹಾಕಬಹುದು. ಆರು ತಿಂಗಳ ಶಿಕ್ಷೆಯ ಅಪರಾಧಕ್ಕೆ ನ್ಯಾಯಾಲಯದ ಮುಂದೆ ಬರೋಕೆ ಇರುವ ಅವಧಿ ಒಂದು ವರ್ಷ, 324(4)ಕ್ಕೆ ಮೂರು ವರ್ಷ. ಇನ್ನು ಸಂಜ್ಞೇಯ ಇದ್ದೂ ಠಾಣೆಯಲ್ಲಿ ತಗೊಳ್ಳಲಿಲ್ಲ ಅಂದ್ರೆ ಅದೇ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ ಎಸ್‌ಪಿ ಅವರಿಗೆ ಅಂಚೆಯಲ್ಲಿ ಬರೆದು ಕಳಿಸಿ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಕಮಿಷನರ್ ಇಲ್ಲ, ಎಸ್‌ಪಿ ಕಚೇರಿಯೇ. ಸ್ಪೀಡ್ ಪೋಸ್ಟ್ ರಸೀದಿ ಇಟ್ಕೊಳ್ಳಿ. ಅದಕ್ಕೂ ಆಗದಿದ್ರೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯ.

324(2) ಮತ್ತು (4) ರಾಜಿ ಮಾಡ್ಕೊಳ್ಳಬಹುದಾದ ಅಪರಾಧ. ಪಾರ್ಕಿಂಗ್ ಜಗಳದಲ್ಲಿ ಪಕ್ಕದ ಮನೆಯವನೇ ಮಾಡಿದ್ದು ಅಂತ ದೃಶ್ಯದಲ್ಲಿ ಸಿಕ್ಕರೆ, ರಿಪೇರಿ ಬಿಲ್ ಪೂರ್ತಿ ಕೊಟ್ಟು ಲಿಖಿತ ರಾಜಿ, ನನ್ನ ಮಟ್ಟಿಗೆ ಅದೇ ಒಳ್ಳೇದು. ಮೂರು ವರ್ಷ ಕೋರ್ಟು ಅಲೆದು ಸಿಗೋದು ದಂಡದ ರಸೀದಿ. ಆದರೆ ವಿಮೆಯಿಂದಲೂ ತಗೊಂಡು ಅವನಿಂದಲೂ ತಗೊಳ್ಳೋ ಹಾಗಿಲ್ಲ.

ಬಾತಿಕೆರೆ
ಅಂದಾಜು ಮೊತ್ತ ಯಾರು ಬರೆದುಕೊಡಬೇಕು? ಬಾಯಿಲೆಕ್ಕ ನಡೆಯುತ್ತಾ?

ಕ್ಲೇಮ್ ಕಡತ
ಬಾಯಿಲೆಕ್ಕ ಬೇಡ. ಕಂಪನಿ ಸರ್ವಿಸ್ ಸೆಂಟರಿನ ಅಂದಾಜು ಪಟ್ಟಿ ತಗೊಳ್ಳಿ: ಬಿಡಿಭಾಗ, ಕೂಲಿ, ಪೇಂಟಿಂಗ್, ತೆರಿಗೆ ಬೇರೆ ಬೇರೆ ಇರಬೇಕು. ಈ ಒಂದು ಹಾಳೆ ಠಾಣೆಗೂ ಬೇಕು, ವಿಮೆಗೂ ಬೇಕು, ಕ್ಲೇಮ್ ಮಾಡೋದಾ ಬೇಡವಾ ಅನ್ನೋ ನಿಮ್ಮ ತೀರ್ಮಾನಕ್ಕೂ ಬೇಕು. ಎಫ್‌ಐಆರ್ ಆಗಲಿ ಅಂತ 70,000ದ ಕೆಲಸಕ್ಕೆ 1,05,000 ಬರೆಸೋರಿದ್ದಾರೆ. ವಿಮೆ ಕಡೆಯಿಂದ ಹಾನಿ ಅಳೆಯೋ ಸರ್ವೇಯರ್ ವರದಿ 70,000 ಅಂತ ಬಂದಾಗ ಎರಡೂ ದಾಖಲೆ ಒಂದನ್ನೊಂದು ಸುಳ್ಳು ಮಾಡ್ತಾವೆ.

ಈಗ ವಿಮೆ. ಥರ್ಡ್ ಪಾರ್ಟಿ ಮಾತ್ರ ಇದ್ರೆ ಒಂದು ಪೈಸೆ ಬರಲ್ಲ. ಕಾಂಪ್ರಹೆನ್ಸಿವ್ ಅಥವಾ ಸ್ವಂತ ಹಾನಿ ಪಾಲಿಸಿ ಇದ್ರೆ "ದುರುದ್ದೇಶದ ಕೃತ್ಯ", ಗಲಭೆ-ಮುಷ್ಕರ, ಬೆಂಕಿ, ಕಳವು ಎಲ್ಲ ಅದರೊಳಗೇ ಇದೆ. ಕಡಿತಗಳು ಹೀಗೆ: ಕಡ್ಡಾಯ ಕಡಿತ 1500 ಸಿಸಿವರೆಗೆ 1,000 ರೂಪಾಯಿ, ಮೇಲ್ಪಟ್ಟು 2,000. ಗಾಜಿಗೆ ಸವಕಳಿ ಇಲ್ಲ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ 50%. ತಗಡಿನ ಭಾಗಕ್ಕೆ ವಯಸ್ಸಿನ ಮೇಲೆ: 2ರಿಂದ 3 ವರ್ಷದ ಗಾಡಿಗೆ 15%, 4ರಿಂದ 5ಕ್ಕೆ 35%, 5ರಿಂದ 10ಕ್ಕೆ 40%, ಅದರ ಮೇಲೆ 50%. ಪೇಂಟಿಂಗಿನಲ್ಲಿ ಬಣ್ಣದ ಸಾಮಗ್ರಿಗೆ ಮಾತ್ರ 50%; ಬಿಲ್ಲಿನಲ್ಲಿ ಬೇರ್ಪಡಿಸದಿದ್ರೆ ಒಟ್ಟು ಪೇಂಟಿಂಗಿನ 25% ಸಾಮಗ್ರಿ ಅಂತ ಹಿಡೀತಾರೆ. ಟೈರಿಗೆ ಮಾತ್ರ ಹಾನಿಯಾಗಿ ಗಾಡಿಗೆ ಏನೂ ಆಗದಿದ್ರೆ ಟೈರಿನ ದುಡ್ಡು ಬರಲ್ಲ.

ಒಂದು ಬಾಗಿಲಿಗೆ ಪೇಂಟಿಂಗ್ 6,000 ಅಂತಿಟ್ಕೊಳ್ಳಿ. ಸಾಮಗ್ರಿ 1,500, ಅದರಲ್ಲಿ ಅರ್ಧ 750 ಹೋಯ್ತು, ಕಡ್ಡಾಯ ಕಡಿತ 1,000 ಹೋಯ್ತು, ಕೈಗೆ 4,250. ಇದಕ್ಕೆ ನೀವು ಕಳ್ಕೊಳ್ಳೋದು ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗೋ ರಿಯಾಯಿತಿ. ಸ್ವಂತ ಹಾನಿ ಪ್ರೀಮಿಯಂ 8,000 ಇದ್ದು 50% ಬೋನಸಿನಲ್ಲಿ 4,000 ಕಟ್ತಿರೋರು ಕ್ಲೇಮ್ ಮಾಡಿದ್ರೆ ಮುಂದಿನ ಐದು ವರ್ಷ ಕ್ರಮವಾಗಿ 8,000, 6,400, 6,000, 5,200, 4,400. ಒಟ್ಟು 30,000. ಮಾಡದಿದ್ರೆ 20,000. ವ್ಯತ್ಯಾಸ 10,000, 18% ಜಿಎಸ್‌ಟಿ ಸೇರಿದ್ರೆ 11,800. ಗಾಡಿ ಬೆಲೆ ಇಳಿದಂತೆ ಪ್ರೀಮಿಯಮ್ಮೂ ಇಳಿಯೋದ್ರಿಂದ ನಿಜವಾದ ವ್ಯತ್ಯಾಸ ಸ್ವಲ್ಪ ಕಡಿಮೆ. ಆದ್ರೂ ಒಂದು ಬಾಗಿಲ ಗೀರಿಗೆ ಕ್ಲೇಮ್ ಹಾಕೋದು ನಷ್ಟದ ವ್ಯಾಪಾರ. ಬೋನಸ್ ರಕ್ಷಣೆಯ ಆಡ್-ಆನ್ ಇದ್ರೆ ಲೆಕ್ಕ ಬೇರೆ, ಪಾಲಿಸಿ ತೆಗೆದು ನೋಡ್ರಿ.

ಚಂದ್ರವಳ್ಳಿ
ಹಳೇ ಗೀರುಗಳನ್ನೂ ಇದರ ಜೊತೆ ಸೇರಿಸಿಬಿಟ್ರೆ?

ಕ್ಲೇಮ್ ಕಡತ
ಸರ್ವೇಯರ್ ಕಣ್ಣಿಗೆ ಮೊದಲು ಬೀಳೋದೇ ಅದು. ಹೊಸ ಗೀರಿನ ಅಂಚು ಚೂಪಾಗಿ, ಬಣ್ಣದ ಪುಡಿ ಅಂಟಿರ್ತದೆ. ಹಳೇದರಲ್ಲಿ ಕೊಳೆ, ವ್ಯಾಕ್ಸ್, ತುಕ್ಕಿನ ಗೆರೆ. ಬೇರೆ ಬೇರೆ ದಿನದ ಹಾನಿ ಅಂದ್ರೆ ಬೇರೆ ಬೇರೆ ಕ್ಲೇಮು, ಪ್ರತಿಯೊಂದಕ್ಕೂ ಕಡಿತ. ಕಂಪನಿಗೆ ಅವತ್ತೇ ತಿಳಿಸಿ, ಸರ್ವೇ ಆಗೋವರೆಗೆ ರಿಪೇರಿ ಮುಟ್ಟಬೇಡಿ. 2024ರ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಸುತ್ತೋಲೆ ಪ್ರಕಾರ 24 ಗಂಟೆಯಲ್ಲಿ ಸರ್ವೇಯರ್ ನೇಮಕ, 15 ದಿನದಲ್ಲಿ ವರದಿ, ವರದಿ ಬಂದ 7 ದಿನದಲ್ಲಿ ತೀರ್ಮಾನ. ಆಗದಿದ್ರೆ ಕಂಪನಿಗೆ ಲಿಖಿತ ದೂರು, 30 ದಿನ ಕಾದು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಗೀರು, ಗಾಜಿಗೆ ಸಾಮಾನ್ಯವಾಗಿ ಠಾಣೆಯ ಸ್ವೀಕೃತಿ ಸಾಕಾಗ್ತದೆ. ಕಳವು, ಬೆಂಕಿ, ಗಲಭೆಗೆ ಎಫ್‌ಐಆರ್ ಕೇಳ್ತಾರೆ.

ಬಣ್ಣದಂಗಡಿ
ರಿಪೇರಿ ಬಗ್ಗೆ ಯಾರೂ ಬರೆದಿಲ್ಲ. ಗೀರಿನ ಮೇಲೆ ನೀರು ಸವರಿ. ಒದ್ದೆ ಇರುವಾಗ ಮಾಯವಾದ್ರೆ ಕ್ಲಿಯರ್ ಕೋಟಿನಲ್ಲೇ (ಮೇಲಿನ ಪಾರದರ್ಶಕ ಪದರ) ಇದೆ, ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿದ್ರೆ ಹೋಗ್ತದೆ. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಂಡ್ರೆ ಕ್ಲಿಯರ್ ದಾಟಿದೆ. ಬಿಳಿ ಅಥವಾ ಬೂದು ಕಂಡ್ರೆ ಪ್ರೈಮರ್, ಹೊಳಪು ಕಂಡ್ರೆ ತಗಡು; ಆಗ ಮಳೆಗಾಲದ ಮುಂಚೆ ಟಚ್‌ಅಪ್ ಆದ್ರೂ ಹಾಕಿ ಮುಚ್ಚಿ. ಕಂಪನಿ ಬಣ್ಣ ಒಟ್ಟು ದಪ್ಪವೇ 100-130 ಮೈಕ್ರಾನ್, ಅದರಲ್ಲಿ ಕ್ಲಿಯರ್ 40-50. ಆಳದ ಗೀರನ್ನು ಪಾಲಿಶ್‌ನಲ್ಲೇ ತೆಗೀತೀನಿ ಅನ್ನೋನು ಆ 40ರಲ್ಲಿ ಅರ್ಧ ತಿಂದುಹಾಕ್ತಾನೆ, ಎರಡು ಬೇಸಿಗೆಗೆ ಅಲ್ಲಿ ಬಣ್ಣ ಸುಲಿದು ಬಿಳಿಚಿಕೊಳ್ತದೆ.

ಸಿಲ್ವರ್, ಪರ್ಲ್ ಬಣ್ಣದ ಗಾಡಿಗೆ ಒಂದೇ ಬಾಗಿಲು ಹೊಡೆಸಿದ್ರೆ ಬಿಸಿಲಲ್ಲಿ ಬೇರೆ ಕಾಣ್ತದೆ. ಪಕ್ಕದ ಪ್ಯಾನೆಲ್ಲಿಗೂ ಬಣ್ಣ ತೆಳುವಾಗಿ ಹರಡಿ, ಕ್ಲಿಯರ್ ಪೂರ್ತಿ ಹೊಡೀಬೇಕು. ಅಂದಾಜು ಪಟ್ಟಿಯಲ್ಲಿ ಇದು ಇದೆಯಾ ಕೇಳಿ. ಪೇಂಟ್ ಬೂತಿನಲ್ಲಿ 60 ಡಿಗ್ರಿಗೆ ಅರ್ಧ ಗಂಟೆ ಬೇಯಿಸೋ ಕಡೆ ಕೊಡಿ. ಏಪ್ರಿಲ್‌ನಲ್ಲಿ ನಮ್ಮೂರ ಧೂಳಿನಲ್ಲಿ ಬಯಲಲ್ಲಿ ಹೊಡೆದ ಕ್ಲಿಯರ್ ಮುಟ್ಟಿದ್ರೆ ಉಪ್ಪಿನ ಕಾಗದ.

ಬ್ರೇಕ್ ದ್ರವ ಸುರಿದಿದ್ರೆ, ಫೋಟೊ ಒಂದೆರಡು ಸಾಕು, ಕೂಡಲೇ ಪೈಪ್ ಹಿಡಿದು ನೀರು ಹರಿಸಿ. ಉಜ್ಜಬೇಡಿ, ಮೆತ್ತಗಾದ ಬಣ್ಣ ಬಟ್ಟೆಗೇ ಬರ್ತದೆ. ತಡಮಾಡಿದ್ರೆ ಗುಳ್ಳೆ ಏಳ್ತದೆ.

ರಾಂಪೇಟೆ
ಹೋಳಿ ದಿನ ರಾಂ ಅಂಡ್ ಕೋ ವೃತ್ತದ ಸುತ್ತ ನಿಲ್ಲಿಸಿದ್ರೆ ದೇವರೇ ಗತಿ. ಮೊಟ್ಟೆ, ಸಿಲ್ವರ್ ಪೇಂಟು ಬಿದ್ರೆ?

ಬಣ್ಣದಂಗಡಿ
ಅವತ್ತು ಅಲ್ಲಿ ಕಾರು ಒಯ್ಯೋದೇ ಬೇಡ. ಮೊಟ್ಟೆಗೆ ತಣ್ಣೀರು, ಬಿಸಿನೀರು ಹಾಕಿದ್ರೆ ಬೆಂದು ಅಂಟಿಕೊಳ್ತದೆ. ಒಣಗಿದ್ರೆ ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಟ್ಟು, ನೆನೆದ ಮೇಲೆ ಎತ್ತಿ ತೆಗೀರಿ, ಚಿಪ್ಪಿನ ಚೂರು ಗೀರ್ತದೆ. ಪುಡಿ ಬಣ್ಣಕ್ಕೆ ಮೊದಲು ನೀರು ಹರಿಸೋದು, ಆಮೇಲೆ ಶಾಂಪೂ. ಸಿಲ್ವರ್ ಪೇಂಟು ಎಣ್ಣೆ ಬಣ್ಣ, ಟರ್ಪೆಂಟೈನ್ ಅದ್ದಿದ ಮೆತ್ತನೆ ಬಟ್ಟೆ, ಕೂಡಲೇ ಸೋಪು ನೀರು. ಮೊದಲು ಪೆಟ್ರೋಲ್ ಮುಚ್ಚಳದ ಒಳಭಾಗದಲ್ಲಿ ಪರೀಕ್ಷಿಸಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಮಾತ್ರ ಬೇಡವೇ ಬೇಡ, ಹಿಂದೆ ರಿಪೇಂಟ್ ಆದ ಬಾಗಿಲಿದ್ರೆ ಕೆಳಗಿನ ಬಣ್ಣವನ್ನೂ ಎತ್ತಿಬಿಡ್ತದೆ.

ಗ್ರೀಸ್ ಕೈ
ಗಾಜು. ಮುಂದಿನದು ಎರಡು ಪದರದ್ದು, ಬಿರುಕು ಬಿಡ್ತದೆ, ಉದುರಲ್ಲ. ಪಕ್ಕದ್ದು, ಹಿಂದಿನದು ಸಾಮಾನ್ಯವಾಗಿ ಟೆಂಪರ್ಡ್, ಕಲ್ಲುಸಕ್ಕರೆ ಹಾಗೆ ಉದುರ್ತದೆ. ಪಕ್ಕದ ಗಾಜು ಒಡೆದಾಗ ಅರ್ಧ ಪುಡಿ ಬಾಗಿಲ ಹೊಟ್ಟೆಯೊಳಗೆ ಹೋಗಿರ್ತದೆ. ಪವರ್ ವಿಂಡೋ ಗುಂಡಿ ಒತ್ತಬೇಡಿ, ಗಾಜು ಏರಿಸಿ ಇಳಿಸೋ ರೆಗ್ಯುಲೇಟರ್ ಹಾಳಾಗ್ತದೆ. ಹೊಸ ಗಾಜು ಕೂರಿಸೋ ಮುಂಚೆ ಒಳ ಟ್ರಿಮ್ ಬಿಚ್ಚಿಸಿ ವ್ಯಾಕ್ಯೂಮ್ ಮಾಡಿಸಿ, ಬಾಗಿಲ ತಳದ ನೀರು ಹೋಗೋ ರಂಧ್ರ ಕಡ್ಡಿಯಿಂದ ಚುಚ್ಚಿ ನೋಡ್ರಿ. ಇದನ್ನು ಬಿಟ್ಟರೆ ಮಳೆನೀರು ಒಳಗೇ ನಿಂತು ಬಾಗಿಲು ಕೆಳಗಿಂದ ತುಕ್ಕು ಹಿಡೀತದೆ. ತಾತ್ಕಾಲಿಕಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸುವಾಗ ಬಣ್ಣದ ಮೇಲೆ ಮೊದಲು ಮಾಸ್ಕಿಂಗ್ ಟೇಪ್, ಅದರ ಮೇಲೆ ದಪ್ಪ ಟೇಪ್.

ಮುಂದಿನ ಗಾಜು ಪಿಯು (ಪಾಲಿಯುರೆಥೇನ್) ಅಂಟಿನಲ್ಲಿ ಕೂರ್ತದೆ. ಆ ಅಂಟು ಗಾಳಿಯ ತೇವ ಹೀರಿ ಗಟ್ಟಿಯಾಗೋದು. ಮಾರ್ಚ್-ಏಪ್ರಿಲಿನ ಒಣ ಹವೆಯಲ್ಲಿ ಬೇಗ ಆಗ್ತದೆ ಅಂದ್ಕೊಳ್ತಾರೆ, ಆಗೋದು ನಿಧಾನ. ಒಂದು ದಿನ ತೊಳೆಯಬೇಡಿ, ಒಂದು ಕಿಟಕಿ ಎರಡು ಬೆರಳು ಇಳಿಸಿರಿ, ಬಾಗಿಲು ಧಡಾರ್ ಅಂತ ಹಾಕಬೇಡಿ. ಒಳಗಿನ ಗಾಳಿ ಒತ್ತಡಕ್ಕೆ ಹಸಿ ಅಂಟು ಬಿಟ್ಕೊಳ್ತದೆ. ಗಾಜಿನ ಮೇಲೆ ಅಡಾಸ್ (ಚಾಲಕನಿಗೆ ನೆರವಾಗೋ ವ್ಯವಸ್ಥೆ) ಕ್ಯಾಮೆರಾ ಇರೋ ಗಾಡಿಗೆ ಕ್ಯಾಲಿಬ್ರೇಶನ್ ಕೂಡ ಅಂದಾಜು ಪಟ್ಟಿಯಲ್ಲಿ ಬರಬೇಕು.

ಚಂದ್ರವಳ್ಳಿ
ಕೋಟೆ ಹತ್ತಿರ, ಕಲ್ಯಾಣ ಮಂಟಪ, ಹೋಟೆಲ್ ಪಾರ್ಕಿಂಗ್ ಎಲ್ಲ ಕಡೆ "ವಾಹನಗಳಿಗೆ ಮಾಲೀಕರೇ ಜವಾಬ್ದಾರರು" ಬೋರ್ಡು. ಅಲ್ಲಿ ಆದ್ರೆ?

ಕರಿಕೋಟು
ಕೀಲಿ ಯಾರ ಕೈಲಿತ್ತು ಅನ್ನೋದು ಮುಖ್ಯ. ಹೋಟೆಲಿನವರು ಕೀಲಿ ಪಡೆದು ತಾವೇ ನಿಲ್ಲಿಸಿದ್ರೆ, ಗಾಡಿ ಅವರ ಸುಪರ್ದಿಗೆ ಬಂತು. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ಹೇಳಿದ್ದು ಅದೇ: ನಿರ್ಲಕ್ಷ್ಯ ಇದ್ರೆ ಆ ಬೋರ್ಡಿನ ಹಿಂದೆ ಬಚ್ಚಿಟ್ಟುಕೊಳ್ಳೋಕೆ ಆಗಲ್ಲ. ಅದು ಕಳವಿನ ಪ್ರಕರಣ. ಕೀಲಿ ನಿಮ್ಮ ಜೇಬಲ್ಲೇ ಇದ್ದು, ಬರೀ ಜಾಗ ಕೊಟ್ಟಿದ್ರೆ ವಾದ ಕಷ್ಟ. ಚೀಟಿ ಕೊಟ್ಟು ದುಡ್ಡು ತಗೊಂಡಿದ್ರೆ ಆ ಚೀಟಿ ಎಸೀಬೇಡಿ, ಗ್ರಾಹಕ ಆಯೋಗಕ್ಕೆ ಅದೇ ಆಧಾರ.

ಬಾತಿಕೆರೆ
ಕೊನೇದಾಗಿ, ಮನೆ ಗೋಡೆಗೆ ಕ್ಯಾಮೆರಾ ಹಾಕಿಸೋರಿಗೆ, ಡ್ಯಾಶ್‌ಕ್ಯಾಮ್ ಹಾಕೋರಿಗೆ?

ಮಂಡಿಪೇಟೆ
ಡ್ಯಾಶ್‌ಕ್ಯಾಮಿಗೆ ಪಾರ್ಕಿಂಗ್ ಮೋಡ್ (ಗಾಡಿ ನಿಂತಾಗಲೂ ರೆಕಾರ್ಡ್ ಆಗೋದು) ಬೇಕಂದ್ರೆ ಸಿಗರೇಟ್ ಸಾಕೆಟ್ ಸಾಲದು, ಹೆಚ್ಚಿನ ಗಾಡಿಯಲ್ಲಿ ಕೀಲಿ ತೆಗೆದ ಕೂಡಲೇ ಅದು ಸತ್ತುಹೋಗ್ತದೆ. ಫ್ಯೂಸ್ ಪೆಟ್ಟಿಗೆಯಿಂದ ಹಾರ್ಡ್‌ವೈರ್ ಕಿಟ್ ಎಳೆಸಿ, ಕಟ್‌ಆಫ್ (ಕಾರಿನ ಬ್ಯಾಟರಿ ಇಳಿದಾಗ ಕ್ಯಾಮೆರಾ ತಾನೇ ನಿಲ್ಲೋ ಮಟ್ಟ) 12.2 ವೋಲ್ಟಿಗೆ ಇಡಿ, 11.8ಕ್ಕೆ ಇಟ್ಟರೆ ಬೆಳಗ್ಗೆ ತಳ್ಳಬೇಕಾಗ್ತದೆ. ಒಳಗೆ ಲಿಥಿಯಂ ಬ್ಯಾಟರಿ ಇರೋದು ಬೇಡ, ಸೂಪರ್ ಕೆಪಾಸಿಟರ್ ಇರೋದು ತಗೊಳ್ಳಿ, ನಮ್ಮ ಬಿಸಿಲಿಗೆ ಬ್ಯಾಟರಿ ಊದಿಕೊಳ್ತದೆ.

ಗೋಡೆ ಕ್ಯಾಮೆರಾವನ್ನು ತಾರಸಿ ತುದಿಗೆ ಹಾಕಿಸಿದ್ರೆ ನೆತ್ತಿ, ಟೋಪಿ ಬಿಟ್ಟರೆ ಏನೂ ಕಾಣಲ್ಲ. ಎಂಟೊಂಬತ್ತು ಅಡಿ ಎತ್ತರ ಸಾಕು, ಕಾರಿನ ರಸ್ತೆ ಕಡೆಯ ಬಾಗಿಲು ಪೂರ್ತಿ ಬರೋ ಕೋನ ಹಿಡೀರಿ. ಗೀರೋರು ಗೋಡೆ ಕಡೆಗೆ ಬರಲ್ಲ. ಬೀದಿದೀಪ ನೇರ ಲೆನ್ಸಿಗೆ ಹೊಡೀಬಾರದು. ಡಿವಿಆರ್ ಸಮಯ ಇಂಟರ್ನೆಟ್ಟಿನಿಂದ ತಾನೇ ಸರಿಹೋಗೋ ಹಾಗೆ ಸೆಟ್ ಮಾಡಿಸಿ, ಪಾಸ್‌ವರ್ಡ್ ಬರೆದಿಡಿ. ಹಾಕಿದ ಹುಡುಗನೇ ಪಾಸ್‌ವರ್ಡ್ ಇಟ್ಕೊಂಡು ಫೋನ್ ಎತ್ತದಿದ್ರೆ ಆ ಹನ್ನೆರಡು ದಿನ ಹಾಗೇ ಕಳೆದುಹೋಗ್ತಾವೆ.